ನೀಲಿ ಹೊಗೆ ಬಂತೇ? ಲಾರಿ ಮಾಲೀಕರೇ, ಜೋಕೆ!

ಸಂಡೂರಿನ ಅದಿರು ಹೊತ್ತ ಹಳೇ ಲಾರಿಗಳು ಹೊಸಪೇಟೆ ದಾರಿಯಲ್ಲಿ ಏದುಸಿರು ಬಿಡುತ್ತವೆ. ಹೊಗೆ ಕಪ್ಪಗಿದ್ದರೆ ಮಾಲೀಕರು ಅಷ್ಟು ಗಾಬರಿಯಾಗಬೇಕಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಕೆಟ್ಟಿರಬಹುದು. ನೀಲಿ ಹೊಗೆ ಬಂತೋ, ಇಂಜಿನ್ ಆಯಿಲ್ ಕುಡೀತಿದೆ ಅಂತ್ಲೇ ಅರ್ಥ.

ಅದಿರಿನ ಧೂಳು ಫಿಲ್ಟರ್ ದಾಟಿ ಒಳಹೊಕ್ಕರೆ ಲೈನರ್, ರಿಂಗುಗಳನ್ನು ಎಮರಿ ಪೇಪರಿನಂತೆ ಸವೆಸುತ್ತದೆ. ಏರಿನಲ್ಲಿ ಲಾರಿ ಎಳೆಯದೆ, ಬ್ರೀದರ್ ಪೈಪಿನಲ್ಲೂ ಹೊಗೆಯಾಡಿದರೆ ಕಂಪ್ರೆಷನ್ ನೋಡಿಸದೆ ಗತಿಯಿಲ್ಲ.

ಆಗಲೂ ಇಂಜಿನ್ನನ್ನೇ ಗುಜರಿಗೆ ಹಾಕಬೇಕಿಲ್ಲ. ಲೈನರ್, ಪಿಸ್ಟನ್, ಬೇರಿಂಗ್ ಹೊಸದು ಹಾಕಿ ಓಡಿಸುವುದು ಮೇಸ್ತ್ರಿಗಳಿಗೆ ನಿತ್ಯದ ಕೆಲಸ. ಬ್ಲಾಕ್ ಬಿರುಕು ಬಿಟ್ಟು, ಕ್ರ್ಯಾಂಕ್ ಇನ್ನೊಂದು ಗ್ರೈಂಡಿಂಗ್ ತಡೆಯದಂತಾದರೆ ಬದಲಿ ಇಂಜಿನ್ನೇ ವಾಸಿ. ಬದಲಿಸಿದವರು ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಗೆ ಹೊಸ ಇಂಜಿನ್ ನಂಬರು ಸೇರಿಸಲೇಬೇಕು.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲದ ಲಾರಿಗಳು ಸಾಲಾಗಿ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಕಂತು ಕಟ್ಟೋರಿಗೆ ನಿಂತ ಲಾರಿಗಿಂತ ದೊಡ್ಡ ಖರ್ಚಿಲ್ಲ. ನಡುದಾರಿಯಲ್ಲಿ ಇಂಜಿನ್ ಜಾಮ್ ಆಗೋ ತನಕ ಕಾಯುವ ಬದಲು, ಬಾಡಿಗೆ ಕಡಿಮೆಯಿರುವ ದಿನಗಳಲ್ಲೇ ಕೆಲಸ ಮುಗಿಸಿಕೊಂಡರೆ ಮನೆಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು.