ಟ್ರ್ಯಾಕ್ಟರಿನ ಪಿ.ಟಿ.ಒ.ಗೆ ಹುಲ್ಲು ಕತ್ತರಿಸುವ ಯಂತ್ರವನ್ನು ಜೋಡಿಸುವಾಗ ವಹಿಸಬೇಕಾದ ಎಚ್ಚರಿಕೆಗಳು

ಬೆಂಗಳೂರಿನ ಬಿಟಿಎಂ ಲೇಔಟ್ ಮುಂತಾದ ಬಡಾವಣೆಗಳಲ್ಲಿ ವಾಸವಿದ್ದು, ಆನೇಕಲ್ ಅಥವಾ ಕನಕಪುರ ತಾಲ್ಲೂಕಿನಲ್ಲಿ ಜಮೀನು ಹೊಂದಿರುವವರು ಕೃಷಿ ಯಂತ್ರಗಳ ಸೌಲಭ್ಯಕ್ಕಾಗಿ ಜಮೀನು ಇರುವ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. 2014-15ನೇ ಸಾಲಿನಲ್ಲಿ ಆರಂಭಗೊಂಡ ಕೃಷಿ ಯಂತ್ರಧಾರೆ ಯೋಜನೆಯಡಿ ಯಂತ್ರಗಳನ್ನು ಬಾಡಿಗೆಗೆ ಒದಗಿಸಲಾಗುತ್ತದೆ. ಬಾಡಿಗೆ ಯಂತ್ರದ ಜೋಡಣೆ ಸಾಮಾನ್ಯವಾಗಿ ಹೊಲದಲ್ಲಿಯೇ, ಅವಸರದಲ್ಲಿ ನಡೆಯುವುದರಿಂದ ಈ ಕೆಳಗಿನ ಅಂಶಗಳನ್ನು ಅರ್ಜಿದಾರರ ಗಮನಕ್ಕೆ ತರಲಾಗಿದೆ. ರೋಟವೇಟರಿಗೂ ಇವು ಅನ್ವಯಿಸುತ್ತವೆ.

ಅಲಗಿನ ಬಗ್ಗೆ ಎಲ್ಲರಿಗೂ ಭಯವಿರುತ್ತದೆ. ಟ್ರ್ಯಾಕ್ಟರ್ ಮತ್ತು ಯಂತ್ರದ ನಡುವೆ ತಿರುಗುವ ಶಾಫ್ಟಿನ ಬಗ್ಗೆ ಅಷ್ಟಿರುವುದಿಲ್ಲ. ಪಿ.ಟಿ.ಒ. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಹೆಗಲ ಮೇಲಿನ ಟವೆಲ್, ಪಂಚೆಯ ತುದಿ ಅಥವಾ ಸೀರೆಯ ಸೆರಗು ಸಿಕ್ಕಿದಲ್ಲಿ ಸೆಕೆಂಡಿಗೆ ಒಂದು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಕಾಲಾವಕಾಶವೇ ಇರುವುದಿಲ್ಲ. ಆದುದರಿಂದ ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿರುವ ಅಥವಾ ಇಲ್ಲದಿರುವ ಯಂತ್ರವನ್ನು ಪಡೆಯಬಾರದು. ಗ್ರೀಸ್ ಹಾಕಲು ತೆಗೆದ ಕವಚವನ್ನು ಮರಳಿ ಹಾಕದಿರುವುದು ಸಾಮಾನ್ಯವಾಗಿ ಕಂಡುಬರುವ ಲೋಪ.

ಟ್ರ್ಯಾಕ್ಟರನ್ನು ಸಮತಟ್ಟಾದ ಸ್ಥಳದಲ್ಲಿ ಯಂತ್ರದತ್ತ ಹಿಂದಕ್ಕೆ ತರುವಾಗ ನಡುವೆ ಯಾರೂ ನಿಲ್ಲಬಾರದು. ಪಿ.ಟಿ.ಒ. ಲಿವರ್ ಬಿಡಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೋಡಿಸುವವರೇ ಜೇಬಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಮೊದಲು ಎಡ ಲಿಂಕ್, ನಂತರ ಬಲ ಲಿಂಕ್, ಕೊನೆಗೆ ಮೇಲಿನ ಲಿಂಕ್ ಜೋಡಿಸಿ ಪಿನ್ ಹಾಕಬೇಕು. ಆ ಬಳಿಕ ಶಾಫ್ಟನ್ನು ಹಲ್ಲುಗಳಿಗೆ ಸರಿಹೊಂದಿಸಿ, ಲಾಕ್ ಪಿನ್ ಕುಳಿಯಲ್ಲಿ ಕೂರುವವರೆಗೆ ತಳ್ಳಿ, ಹಿಂದಕ್ಕೆ ಎಳೆದು ಪರೀಕ್ಷಿಸಬೇಕು. ಕವಚದ ಸರಪಳಿಯನ್ನು ಟ್ರ್ಯಾಕ್ಟರಿಗೂ ಯಂತ್ರಕ್ಕೂ ಕಟ್ಟತಕ್ಕದ್ದು. ಇಲ್ಲವಾದಲ್ಲಿ ಕವಚವೂ ಶಾಫ್ಟಿನೊಡನೆ ತಿರುಗುತ್ತದೆ.

ಒಂದು ಟ್ರ್ಯಾಕ್ಟರಿನ ಅಳತೆಗೆ ಕತ್ತರಿಸಿದ ಶಾಫ್ಟ್ ಮತ್ತೊಂದಕ್ಕೆ ಹೊಂದದಿರಬಹುದು. ಉದ್ದ ಹೆಚ್ಚಾದರೆ ಯಂತ್ರವನ್ನು ಎತ್ತಿದಾಗ ಗೇರ್ ಬಾಕ್ಸಿಗೆ ಒತ್ತಡ ಬೀಳುತ್ತದೆ; ಕಡಿಮೆಯಾದರೆ ಕೊಳವೆಗಳು ಕಳಚಿಕೊಂಡು ಬಡಿಯುತ್ತವೆ. ಅತಿ ಚಾಚಿದ ಸ್ಥಿತಿಯಲ್ಲಿಯೂ ಕೊಳವೆಗಳು ಮೂರನೇ ಒಂದು ಭಾಗದಷ್ಟಾದರೂ ಒಂದರೊಳಗೊಂದು ಇರಬೇಕು. ಈ ಅಳತೆಯನ್ನು ಎಂಜಿನ್ ನಿಲ್ಲಿಸಿ, ಎತ್ತಿದ ಯಂತ್ರಕ್ಕೆ ಗಟ್ಟಿಯಾದ ಆಧಾರ ಕೊಟ್ಟ ನಂತರವೇ ನೋಡತಕ್ಕದ್ದು.

ಹುಲ್ಲಿನಲ್ಲಿ ಅಡಗಿದ ಕಲ್ಲು, ತಂತಿ, ತೆಂಗಿನ ಚಿಪ್ಪುಗಳನ್ನು ಮೊದಲೇ ಆರಿಸಿ ತೆಗೆಯಬೇಕು. ಅಲಗಿಗೆ ತಾಗಿದ ಕಲ್ಲು ಬಹುದೂರ ಸಿಡಿಯುವುದರಿಂದ ಮಕ್ಕಳು ಹಾಗೂ ಜಾನುವಾರುಗಳನ್ನು ಹೊಲದಿಂದ ಹೊರಗಿಡುವುದು. ಪಿ.ಟಿ.ಒ. ಬಿಡಿಸಿದ ನಂತರವೂ ಅಲಗುಗಳು ಕೆಲಕಾಲ ತಿರುಗುತ್ತಿರುತ್ತವೆ. ಸಿಕ್ಕಿಕೊಂಡ ಹುಲ್ಲನ್ನು ಅವು ಪೂರ್ಣವಾಗಿ ನಿಂತ ಮೇಲೆ, ಕೀಲಿ ತೆಗೆದುಕೊಂಡು, ಕೋಲಿನಿಂದ ಬಿಡಿಸತಕ್ಕದ್ದು.