ಸೂರ್ಯ ಮುಳುಗುವ ಮುನ್ನ
(ಸಕಲ ಮೃತರ ಸ್ಮರಣೆ – ನವೆಂಬರ್ 2)



ನಮ್ಮ ಸಿದ್ದಾಪುರದ ಕಡೆಯವರಿಗೆ ಹಿರೇಬೆಣಕಲ್ ಹೆಸರು ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಆ ಊರಿನ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಕಲ್ಲು ಹೊದಿಸಿ ಕಟ್ಟಿದ ನೂರಾರು ಕಲ್ಮನೆಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಶಿಲಾಸಮಾಧಿಗಳು ಅವು. ಅಷ್ಟು ಭಾರದ ಕಲ್ಲು ಎತ್ತಿಟ್ಟವರಲ್ಲಿ ಒಬ್ಬರ ಹೆಸರೂ ಇಂದು ಉಳಿದಿಲ್ಲ. ಯಾರಿಗಾಗಿ ಇಟ್ಟರೋ ಅವರದೂ ಇಲ್ಲ.

ನವೆಂಬರ್ 2ರಂದು ನಾವೂ ಸಮಾಧಿಗಳ ಬಳಿಗೆ ಹೋಗುತ್ತೇವೆ. ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ ತಮ್ಮ ಮಠಗಳಲ್ಲಿ ಆರಂಭಿಸಿದ ಈ ಸ್ಮರಣೆ ಕ್ರಮೇಣ ಇಡೀ ಧರ್ಮಸಭೆಯದಾಯಿತು. ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಈ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿ ನೀಡಿದರು. ಅವುಗಳಲ್ಲಿ ಒಂದು ಮೃತ ವಿಶ್ವಾಸಿಗಳೆಲ್ಲರಿಗಾಗಿ. ಮನೆಯವರೇ ಹೆಸರು ಮರೆತವರೂ ಅದರಲ್ಲಿ ಸೇರಿದರು.

ನಮ್ಮ ಭಾಗದಲ್ಲಿ ಈ ಸ್ಮರಣೆ ಬರುವುದು ಭತ್ತದ ಸುಗ್ಗಿಯ ಹೊತ್ತಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು ಹೊಂಬಣ್ಣಕ್ಕೆ ತಿರುಗಿರುತ್ತವೆ. ಆದ್ದರಿಂದ ಸಂತ ಲೂಕರ ಶುಭಸಂದೇಶದ 12ನೆಯ ಅಧ್ಯಾಯದ ಧನಿಕನ ಸಾಮತಿ ನಮ್ಮೂರಿನದೇ ಅನ್ನಿಸುತ್ತದೆ. ಹೊಲ ಚೆನ್ನಾಗಿ ಬೆಳೆಯಿತು, ಕಣಜ ಸಾಲದಾಯಿತು, ಕೆಡವಿ ದೊಡ್ಡದು ಕಟ್ಟುವ ಯೋಚನೆ ಮಾಡಿದ. ಅದೇ ರಾತ್ರಿ ಅವನ ಆಯುಸ್ಸು ತೀರಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಒಂದು ರಾತ್ರಿ ಎಂದರೇನೆಂದು ನಮ್ಮ ರೈತರೂ ಕಂಡರು.

ಆ ಧನಿಕ ಕದ್ದನೆಂದು, ಮೋಸ ಮಾಡಿದನೆಂದು ಯೇಸುಸ್ವಾಮಿ ಎಲ್ಲೂ ಹೇಳುವುದಿಲ್ಲ. ಕಣಜ ಕಟ್ಟುವುದೂ ತಪ್ಪಲ್ಲ. ಮಳೆಗೆ ಭತ್ತ ನೆನೆದ ರೈತನ ಪಾಡು ನಮಗೆ ಗೊತ್ತಿದೆ. ಆದರೆ ಅವನ ಮಾತುಗಳನ್ನು ಇನ್ನೊಮ್ಮೆ ಓದಿ ನೋಡಿ. ಎಲ್ಲವೂ ನಾನು, ನನ್ನದು. ನಾಟಿ ಹಚ್ಚಿದ ಹೆಣ್ಣಾಳುಗಳು ಅಲ್ಲಿಲ್ಲ, ಮೂಟೆ ಹೊತ್ತ ಹಮಾಲರಿಲ್ಲ, ಹೆಂಡತಿ ಮಕ್ಕಳೂ ಇಲ್ಲ.

ಬಾಳು ಅಲ್ಪ ಎಂದು ಕೇಳಿದಾಗ ಕೆಲವರು ಇದ್ದಷ್ಟು ದಿನ ಉಂಡು ಉಡೋಣ ಎನ್ನುತ್ತಾರೆ. ಕೆಲವರಿಗೆ ಸ್ಮಶಾನ ವೈರಾಗ್ಯ. ಅದು ಮನೆ ತಲುಪುವವರೆಗೆ ಮಾತ್ರ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಬೇರೆಯೇ ದಾರಿ ತೋರುತ್ತದೆ: ಬಡ ಕೂಲಿಯಾಳಿನ ಕೂಲಿಯನ್ನು ಆ ದಿನವೇ, ಸೂರ್ಯ ಮುಳುಗುವ ಮುನ್ನ ಕೊಡಬೇಕು. ಏಕೆ ಇಷ್ಟು ಅವಸರ? ದುಡ್ಡಿದ್ದವರಿಗೆ ಎಂಟು ದಿನ ಏನೂ ಅಲ್ಲ. ಆಕೆಗೆ ಅದು ಈ ರಾತ್ರಿಯ ಒಲೆ. ಆಯುಸ್ಸು ಚಿಕ್ಕದಾಗಿರುವುದು ನಮಗೆ ಮಾತ್ರವಲ್ಲ, ನಮ್ಮ ಕೈ ಕಾಯುತ್ತಿರುವವರಿಗೂ. ಮಾತು ಬಿಟ್ಟ ತಮ್ಮನ ಮನೆಗೆ ಹೋಗುವುದನ್ನು ಸುಗ್ಗಿ ಮುಗಿಯಲಿ ಎಂದು ಮುಂದಕ್ಕೆ ಹಾಕುವವರೂ ಇದನ್ನು ಓದಬೇಕು. ಸಮಾಧಿಗೆ ದೊಡ್ಡ ಹಾರ ತರುವ ಕೆಲವರು, ಬದುಕಿದ್ದಾಗ ಒಂದು ಲೋಟ ಗಂಜಿ ಕೊಟ್ಟಿರಲಿಲ್ಲವೆಂಬುದು ಊರಿಗೇ ಗೊತ್ತಿರುತ್ತದೆ. ಮಾತು ಕಟುವಾಯಿತು, ಕ್ಷಮಿಸಿ.

ಸತ್ತವರನ್ನು ಹೂಳುವುದನ್ನೂ ಧರ್ಮಸಭೆ ದಯಾಕಾರ್ಯಗಳಲ್ಲಿ ಎಣಿಸುತ್ತದೆ. ತೊಬೀತನು ಹಬ್ಬದ ಊಟಕ್ಕೆ ಕುಳಿತು, ಬಡವನೊಬ್ಬನನ್ನು ಕರೆತರಲು ಮಗನನ್ನು ಕಳುಹಿಸಿದ. ಮಗ ತಂದದ್ದು ಬೀದಿಯಲ್ಲಿ ಹೆಣ ಬಿದ್ದಿದೆ ಎಂಬ ಸುದ್ದಿ. ತುತ್ತು ಮುಟ್ಟದೆ ಎದ್ದು ಹೋಗಿ ಹೆಣವನ್ನು ಎತ್ತಿ ತಂದ; ಹೊತ್ತು ಮುಳುಗಿದ ಮೇಲೆ ಕುಣಿ ತೋಡಿ ಹೂಳಿದ. ನೆರೆಹೊರೆಯವರು ನಕ್ಕರು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ‘ಮರ್ಸಿ ಏಂಜೆಲ್ಸ್’ ಸ್ವಯಂಸೇವಕರು ಮಾಡಿದ್ದೂ ಇದನ್ನೇ. ಬಂಧುಗಳು ಹತ್ತಿರ ಬರಲಾಗದ ಶವಗಳಿಗೆ, ಯಾವ ಧರ್ಮದವರೆಂದು ನೋಡದೆ, ಗೌರವದ ಅಂತ್ಯಸಂಸ್ಕಾರ ಮಾಡಿದರು.

ಈ ಸಲ ಸಮಾಧಿಗೆ ಹೋಗುವಾಗ ಒಂದು ಮೇಣದಬತ್ತಿ ಹೆಚ್ಚಿಗೆ ಇರಲಿ. ಹೆಸರು ಅಳಿಸಿಹೋದ ಗೋರಿ ಎಲ್ಲ ಊರಿನಲ್ಲೂ ಒಂದಾದರೂ ಇರುತ್ತದೆ.