ನಿಮಗಿದು ಗೊತ್ತೇ? ಹೇಳದೆ ಕೇಳದೆ ಕಡಲು ದಾಟುವ ಪಾರ್ಸಲ್

ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿ ಕೂತು ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಹಳೇ ಕ್ಯಾಮೆರಾ ಮಾರುವವರಿಗೆ ತಮ್ಮ ಅಂಗಡಿ ಜಪಾನಿಗೂ ಆಸ್ಟ್ರೇಲಿಯಾಕ್ಕೂ ತೆರೆದಿದೆ ಎಂದು ತಿಳಿಯುವುದು ಎಷ್ಟೋ ಸಲ ಅಲ್ಲಿಂದ ಆರ್ಡರ್ ಬಂದ ಮೇಲೇ. 2022ರ ಕೊನೆಯಲ್ಲಿ ಇಬೇ ತನ್ನ ಅಮೆರಿಕದ ಮಾರಾಟಗಾರರಿಗಾಗಿ ‘ಇಬೇ ಇಂಟರ್‌ನ್ಯಾಷನಲ್ ಶಿಪ್ಪಿಂಗ್’ ಎಂಬ ಹೊಸ ವ್ಯವಸ್ಥೆ ಪ್ರಕಟಿಸಿತು. 2023ರಲ್ಲಿ ಹಂತಹಂತವಾಗಿ ಅರ್ಹರನ್ನೆಲ್ಲ ತಾನಾಗಿಯೇ ಅದಕ್ಕೆ ಸೇರಿಸಿಕೊಂಡಿತು. ‘ಸೇರುತ್ತೀರಾ?’ ಎಂದು ಮೊದಲು ಕೇಳುವ ಕ್ರಮವಿರಲಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಬಂದಾಗ ಬೇಡದವರೇ ಎಲೆಗೆ ಕೈ ಅಡ್ಡ ಹಿಡಿಯಬೇಕಲ್ಲ, ಹಾಗೆ. ಬೇಡವೆನ್ನುವವರು ಖಾತೆಯ ಸೆಟ್ಟಿಂಗ್‌ನೊಳಗೆ ಹೋಗಿ, ಶಿಪ್ಪಿಂಗ್ ಆಯ್ಕೆಗಳನ್ನು ಹುಡುಕಿ ಹೊರಬರಬೇಕು.

ಇಬೇಯ ಮೊಟ್ಟಮೊದಲ ಮಾರಾಟದಲ್ಲೇ ಒಬ್ಬ ಪರದೇಶಿ ಗಿರಾಕಿಯಿದ್ದ ಎಂಬುದು ಗೊತ್ತೇ? 1995ರಲ್ಲಿ ಪಿಯರ್ ಒಮಿಡ್ಯಾರ್ ಕ್ಯಾಲಿಫೋರ್ನಿಯಾದಲ್ಲಿ ‘ಆಕ್ಷನ್‌ವೆಬ್’ ಎಂಬ, ಮುಂದೆ ಇಬೇ ಎನಿಸಿಕೊಂಡ ತಾಣ ತೆರೆದು, ಕೆಟ್ಟುಹೋದ ಒಂದು ಲೇಸರ್ ಪಾಯಿಂಟರನ್ನು ಹರಾಜಿಗಿಟ್ಟರು. 14.83 ಡಾಲರಿಗೆ ಅದು ಹೋಯಿತು. ಕೊಂಡವನು ಕೆನಡಾದವನು. ಕೆಟ್ಟದ್ದೆಂದು ಗೊತ್ತಿದೆ ತಾನೇ ಎಂದು ಒಮಿಡ್ಯಾರ್ ವಿಚಾರಿಸಿದರೆ, ಗೊತ್ತು, ತನಗೆ ಬೇಕಾದದ್ದೂ ಅದೇ ಎಂಬ ಉತ್ತರ ಬಂತಂತೆ.

ಇಬೇಯ ಈ ಹೊಸ ವ್ಯವಸ್ಥೆಯಲ್ಲಿ ವಿದೇಶಕ್ಕೆ ಮಾರಿದ ಮಾಲನ್ನು ಮಾರಿದವರು ವಿದೇಶಕ್ಕೆ ಕಳಿಸುವುದೇ ಇಲ್ಲ! ಪೊಟ್ಟಣದ ಮೇಲೆ ಬರೆಯುವುದು ಟೋಕಿಯೊದ ವಿಳಾಸವನ್ನಲ್ಲ, ಅಮೆರಿಕದಲ್ಲೇ ಇರುವ ಒಂದು ಗೋದಾಮಿನ ವಿಳಾಸವನ್ನು. 2012ರಲ್ಲಿ ಪಿಟ್ನಿ ಬೋಸ್ ಕಂಪನಿಯ ಜೊತೆ ಸೇರಿ ಇಬೇ ಆರಂಭಿಸಿದ ‘ಗ್ಲೋಬಲ್ ಶಿಪ್ಪಿಂಗ್ ಪ್ರೋಗ್ರಾಂ’ನಲ್ಲಿ ಈ ಗೋದಾಮು ಕೆಂಟಕಿಯ ಅರ್ಲಾಂಗರ್‌ನಲ್ಲಿತ್ತು. ಬ್ರಿಟನ್ನಿನ ಮಾರಾಟಗಾರರಿಗೆ ಸ್ಟಾಫರ್ಡ್‌ಶೈರಿನ ಲಿಚ್‌ಫೀಲ್ಡ್. ಈಗ ಅಮೆರಿಕದ್ದು ಷಿಕಾಗೊ ಪಕ್ಕದ ಗ್ಲೆಂಡೇಲ್ ಹೈಟ್ಸ್. ಹಳೆಯ ಪದ್ಧತಿಯಲ್ಲಿ ವಿಳಾಸದ ಜೊತೆಗೇ ಉದ್ದದ ಒಂದು ‘ರೆಫರೆನ್ಸ್’ ಸಂಖ್ಯೆ ಇರುತ್ತಿತ್ತು. ಗೋದಾಮಿನವರು ಡಬ್ಬಿಯ ನಿಜವಾದ ಒಡೆಯರನ್ನು ಗುರುತಿಸುತ್ತಿದ್ದುದು ಆ ಸಂಖ್ಯೆಯಿಂದ. ಅದೇನೋ ಬೇಡದ ಅಂಕಿಯೆಂದು ಕೈಬಿಟ್ಟು ವಿಳಾಸ ಬರೆದರೆ ಆ ಡಬ್ಬಿ ಯಾರದೆಂದು ಹೇಳುವ ಗುರುತೇ ಇಲ್ಲದಂತಾಗುತ್ತಿತ್ತು.

ಗೋದಾಮಿನಲ್ಲಿ ಡಬ್ಬಿ ತಪಾಸಣೆಯಾಗುತ್ತದೆ. ಸುಂಕದ ಕಾಗದ ತಯಾರಾಗುತ್ತದೆ, ಕೆಲವೊಮ್ಮೆ ಬಿಚ್ಚಿ ಮತ್ತೆ ಕಟ್ಟುವುದೂ ಉಂಟು. ಅಜ್ಜನ ಕಾಲದ ಗಾಜಿನ ದೀಪಕ್ಕೆ ಮೂರು ಪದರ ಬಬಲ್ ಹಾಳೆ ಸುತ್ತಿ ಕಳಿಸಿದವರಿಗೆ ಈ ಕೊನೆಯ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಈ ವ್ಯವಸ್ಥೆಯ ಸತ್ವವಿರುವುದೂ ಇಲ್ಲಿಯೇ. ಮಾಲು ಸರಿಯಾಗಿ ಗೋದಾಮು ತಲುಪಿದರೆ ಮಾರಿದವರ ಹೊಣೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆ ಕಳೆದರೂ ಒಡೆದರೂ ಇಬೇ ನೋಡಿಕೊಳ್ಳುತ್ತದೆ. ವಿದೇಶದ ಗಿರಾಕಿ ‘ವಾಪಸ್’ ಎಂದರೂ ಅದನ್ನು ಇಬೇಯೇ ನಿಭಾಯಿಸುತ್ತದೆ, ಮಾರಿದವರ ಕೈಗೆ ಬಂದ ಹಣ ಅವರಲ್ಲೇ ಉಳಿಯುತ್ತದೆ. ಅಮೆರಿಕದವರು ಹೊರದೇಶಕ್ಕೆ ಮಾರಿದಾಗ ತೆರಬೇಕಾದ ಶೇ 1.65ರ ಅಂತರರಾಷ್ಟ್ರೀಯ ಶುಲ್ಕವನ್ನೂ ಈ ದಾರಿಯ ಮಾರಾಟಕ್ಕೆ ಬಿಟ್ಟುಕೊಟ್ಟರು. ಒಟ್ಟಾರೆ ಒಳ್ಳೆಯ ವ್ಯವಹಾರವೇ. ಒಳ್ಳೆಯದಾಗಿದ್ದರೆ ಕೇಳಿಯೇ ಸೇರಿಸಬಹುದಿತ್ತಲ್ಲ ಎಂಬುದು ಬೇರೆ ಪ್ರಶ್ನೆ.

ಹಾಗಾದರೆ ದುಡ್ಡು ಕೊಡುವವರು ಯಾರು? ಗಿರಾಕಿ. ಸಾಗಣೆ ವೆಚ್ಚ, ಆಮದು ಸುಂಕ, ತೆರಿಗೆ ಎಲ್ಲವನ್ನೂ ಕೊಳ್ಳುವಾಗಲೇ ಲೆಕ್ಕ ಹಾಕಿ ವಸೂಲು ಮಾಡುವುದು ಸಾಮಾನ್ಯ ಕ್ರಮ. ಹತ್ತು ಡಾಲರಿನ ಪೋಸ್ಟ್‌ಕಾರ್ಡೋ ಅಂಚೆಚೀಟಿಯೋ ಮಾರುವವರ ಗೊಣಗಾಟ ಹುಟ್ಟುವುದು ಇಲ್ಲಿ. ಮಾಮೂಲಿ ಏರ್‌ಮೇಲ್ ಲಕೋಟೆಯಲ್ಲಿ ಹೋಗಬಹುದಾದ ವಸ್ತು ಗೋದಾಮಿನ ದಾರಿ ಹಿಡಿದರೆ ವೆಚ್ಚ ಮಾಲಿನ ಬೆಲೆಯನ್ನೂ ಮೀರಬಹುದು. ದರ ನೋಡಿದ ಗಿರಾಕಿ ಸುಮ್ಮನೆ ಪುಟ ಮುಚ್ಚುತ್ತಾನೆ. ಹಾಗೆ ತಪ್ಪಿಹೋದ ವ್ಯಾಪಾರ ಮಾರುವವರ ಗಮನಕ್ಕೂ ಬರುವುದಿಲ್ಲ.

ಇಬೇ ಒಂದೇ ಅಲ್ಲ. ಅಮೆಜಾನ್ ಗೋದಾಮಿನಲ್ಲಿ ಸರಕಿಟ್ಟು ಮಾರುವ ಅಮೆರಿಕದ ವ್ಯಾಪಾರಿಗಳನ್ನು ‘ಎಫ್‌ಬಿಎ ಎಕ್ಸ್‌ಪೋರ್ಟ್’ ಯೋಜನೆಯೂ ತಾನಾಗಿಯೇ ಒಳಗೆ ಸೇರಿಸಿಕೊಳ್ಳುತ್ತದೆ.

ಕೇಳದೆ ಸೇರಿಸುವುದು ಇಷ್ಟು ಚೆನ್ನಾಗಿ ನಡೆಯುವುದೇಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. 2001ರಲ್ಲಿ ಬ್ರಿಜಿಟ್ ಮೇಡ್ರಿಯನ್ ಮತ್ತು ಡೆನಿಸ್ ಶೇ ಅಮೆರಿಕದ ಒಂದು ಕಂಪನಿಯ ನಿವೃತ್ತಿ ಉಳಿತಾಯ ಯೋಜನೆಯನ್ನು ಅಧ್ಯಯನ ಮಾಡಿದರು. ನೌಕರರನ್ನು ತಾನಾಗಿಯೇ ಸೇರಿಸುವ ಪದ್ಧತಿ ಬಂದದ್ದೇ ತಡ, ಸೇರಿದವರ ಪ್ರಮಾಣ ಭಾರಿಯಾಗಿ ಏರಿತ್ತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕಂಪನಿ ಮೊದಲೇ ತುಂಬಿಟ್ಟಿದ್ದ ಉಳಿತಾಯದ ದರವನ್ನು ಬಹಳಷ್ಟು ಜನ ಬದಲಿಸುವ ಗೋಜಿಗೇ ಹೋಗಿರಲಿಲ್ಲ. ನಿವೃತ್ತಿಯ ಹಣದ ವಿಷಯದಲ್ಲೇ ಹೀಗಾದರೆ ಶಿಪ್ಪಿಂಗ್ ಸೆಟ್ಟಿಂಗ್ ಯಾವ ಲೆಕ್ಕ!

ಯುರೋಪಿನಲ್ಲಿ ಮಾರುವವರಿಗೆ ಒಂದು ಕಾನೂನಿನ ಕಾವಲಿದೆ. 2020ರ ಜುಲೈ 12ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮದಂತೆ, ಆನ್‌ಲೈನ್ ಮಾರುಕಟ್ಟೆಗಳು ಷರತ್ತು ಬದಲಿಸುವ ಮುನ್ನ ವ್ಯಾಪಾರಿಗಳಿಗೆ ಕನಿಷ್ಠ 15 ದಿನ ಮೊದಲು ತಿಳಿಸಬೇಕು. ನಮ್ಮಲ್ಲಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎಂದು ಕರೆಯುವ 13 ಬಗೆಯ ಆನ್‌ಲೈನ್ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿತು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದೂ ಆ ಪಟ್ಟಿಯಲ್ಲಿದೆ. ಆದರೆ ಅದರ ರಕ್ಷಣೆ ಮುಖ್ಯವಾಗಿ ಕೊಳ್ಳುವವರಿಗೆ. ಮಾರುವವರು ತಮ್ಮ ಬುಟ್ಟಿಯನ್ನು ತಾವೇ ನೋಡಿಕೊಳ್ಳಬೇಕು.

ಇಬೇಗೂ ಬೆಂಗಳೂರಿಗೂ ಒಂದು ನಂಟಿತ್ತು. 2004ರಲ್ಲಿ ‘ಬಾಝಿ’ ಎಂಬ ದೇಶಿ ತಾಣವನ್ನು ಕೊಂಡು ಇಬೇ ಭಾರತಕ್ಕೆ ಬಂತು. 2017ರಲ್ಲಿ ಇಬೇ ಇಂಡಿಯಾ ಬೆಂಗಳೂರಿನ ಫ್ಲಿಪ್‌ಕಾರ್ಟ್ ತೆಕ್ಕೆಗೆ ಹೋಯಿತು. 2018ರ ಆಗಸ್ಟ್ 14ಕ್ಕೆ ಆ ತಾಣದ ಬಾಗಿಲು ಮುಚ್ಚಿತು. ಈಗ ಇಲ್ಲಿಂದ ಇಬೇಯಲ್ಲಿ ಮಾರುವುದೆಂದರೆ ರಫ್ತು ಮಾಡುವುದು ಎಂದೇ ಅರ್ಥ.

ರಫ್ತು ಎಂದಕೂಡಲೇ ದೊಡ್ಡ ಕಂಟೇನರು, ಬಂದರು, ಕ್ರೇನು ಕಣ್ಣಿಗೆ ಬರುತ್ತವೆ. ಕಾನೂನಿನ ಕಣ್ಣಿಗೆ ಹಾಗಲ್ಲ. ಇಳಕಲ್ ಸೀರೆಯೊಂದನ್ನು ಲಂಡನ್ನಿನ ಗಿರಾಕಿಗೆ ಮಾರಿ ಕಳಿಸಿದರೂ ಅದು ರಫ್ತೇ. ಅದಕ್ಕೆ ಮೊದಲು ಬೇಕಾದದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಐಇಸಿ, ಅಂದರೆ ಆಮದು-ರಫ್ತುದಾರರ ಸಂಖ್ಯೆ. ಹತ್ತು ಅಕ್ಷರ-ಅಂಕಿಗಳ ಈ ಸಂಖ್ಯೆ ಬೇರೇನೂ ಅಲ್ಲ, ಜಿಎಸ್‌ಟಿ ಬಂದ ಮೇಲೆ ನಿಮ್ಮ ಪ್ಯಾನ್ ಸಂಖ್ಯೆಯೇ! ಅರ್ಜಿ ಶುಲ್ಕ 500 ರೂಪಾಯಿ. ಒಮ್ಮೆ ಪಡೆದು ಮರೆಯುವಂತಿಲ್ಲ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ವಿವರವನ್ನು ಆನ್‌ಲೈನ್‌ನಲ್ಲಿ ದೃಢಪಡಿಸಬೇಕು. ಏನೂ ಬದಲಾಗದಿದ್ದರೂ ‘ಬದಲಾಗಿಲ್ಲ’ ಎಂದು ಹೇಳಲೇಬೇಕು, ಇಲ್ಲವಾದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ.

ಅಂಚೆ ಇಲಾಖೆಯೂ ಈ ವ್ಯಾಪಾರಕ್ಕೆ ಇಳಿದಿದೆ ಗೊತ್ತೇ? 2022ರ ಡಿಸೆಂಬರ್‌ನಲ್ಲಿ ಶುರುವಾದ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳು ಈಗ ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ರಫ್ತಿನ ಬಿಲ್ಲನ್ನು ಆನ್‌ಲೈನ್‌ನಲ್ಲಿ ತುಂಬಿ ಹತ್ತಿರದ ಕೇಂದ್ರಕ್ಕೆ ಪಾರ್ಸಲ್ ಒಪ್ಪಿಸಿದರೆ ಸಾಕು. ಕಸ್ಟಮ್ಸ್‌ನವರು ವಿದೇಶಿ ಅಂಚೆ ಕಚೇರಿಯಲ್ಲಿ ಅದನ್ನು ಪರಿಶೀಲಿಸುತ್ತಾರೆ, ನೀವು ಅಲ್ಲಿಗೆ ಓಡಾಡಬೇಕಿಲ್ಲ. ಕೊರಿಯರ್‌ನಲ್ಲಿ ಕಳಿಸುವವರಿಗೂ 2023ರ ವಿದೇಶ ವ್ಯಾಪಾರ ನೀತಿ ಕೈ ಸಡಿಲಿಸಿ, ಪ್ರತಿ ಪಾರ್ಸಲಿನ ಮೌಲ್ಯಮಿತಿಯನ್ನು 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿತು.

ಪಾರ್ಸಲಿನ ಮೇಲಿನ ಟ್ರ್ಯಾಕಿಂಗ್ ಸಂಖ್ಯೆಯನ್ನು ಎಂದಾದರೂ ಸರಿಯಾಗಿ ನೋಡಿದ್ದೀರಾ? ಅಂತರರಾಷ್ಟ್ರೀಯ ಅಂಚೆಯಲ್ಲಿ ಅದಕ್ಕೆ 13 ಮನೆ. ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡಕ್ಷರ (ನಮ್ಮದು ‘ಐಎನ್’). ಒಂಬತ್ತನೆಯ ಅಂಕಿ ಸುಮ್ಮನೆ ಇಟ್ಟದ್ದಲ್ಲ, ಉಳಿದ ಎಂಟರ ಕಾವಲುಗಾರ ಅದು. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಲ್ಲಿ ಕಳೆಯಿರಿ. ಉದಾಹರಣೆಗೆ 12345678 ತೆಗೆದುಕೊಂಡರೆ ಮೊತ್ತ 204, ಶೇಷ 6, ಕಾವಲು ಅಂಕಿ 5. (ಉತ್ತರ 10 ಬಂದರೆ 0, 11 ಬಂದರೆ 5 ಎಂದು ಬರೆಯುತ್ತಾರೆ.) ಟೈಪಿಸುವಾಗ ಒಂದಂಕಿ ತಪ್ಪಿದರೂ ಕಂಪ್ಯೂಟರ್ ಹಿಡಿಯುವುದು ಈ ಗುಣಾಕಾರದಿಂದ. ಮಕ್ಕಳಿಗೆ ರಜೆಯಲ್ಲಿ ಕೊಡಲು ಒಳ್ಳೆಯ ಲೆಕ್ಕ.

ಈ ನಿಯಮ ಮಾಡಿದ ಸಂಸ್ಥೆ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿರುವ ವಿಶ್ವ ಅಂಚೆ ಒಕ್ಕೂಟ. ಹುಟ್ಟಿದ್ದು 1874ರಲ್ಲಿ. ಭಾರತ ಸೇರಿದ್ದು 1876ರಲ್ಲಿ.

ಇನ್ನೊಂದು ಸೋಜಿಗವೆಂದರೆ, ಹಗುರ ಮಾಲಿಗೂ ಭಾರದ ದರ ಬೀಳುತ್ತದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೊ ಎಂದು ಎಣಿಸುವುದು ಎಕ್ಸ್‌ಪ್ರೆಸ್ ಕೊರಿಯರ್‌ಗಳ ರೂಢಿ. 40×30×30ರ ಡಬ್ಬಿಯಲ್ಲಿ ಹತ್ತಿ ತುಂಬಿದರೂ ಅದು 7.2 ಕಿಲೊ! ಗೊಂಬೆ ಕಳಿಸುವವರು ಡಬ್ಬಿ ಆರಿಸುವಾಗಲೇ ಅರ್ಧ ಲಾಭ ನಿರ್ಧಾರವಾಗಿರುತ್ತದೆ.

ಗೊಂಬೆ ಎಂದಾಗ ಚನ್ನಪಟ್ಟಣ ನೆನಪಾಗದಿರುತ್ತದೆಯೇ? ಆಲೆ ಮರದ, ಅರಗಿನ ಬಣ್ಣದ ಆ ಗೊಂಬೆಗಳು ಅಮೆರಿಕದ ಮಕ್ಕಳ ಕೈಗೆ ಆಟಿಕೆಯಾಗಿ ಹೋಗಬೇಕಾದರೆ ಅಲ್ಲಿನ 2008ರ ಕಾನೂನಿನ ಪ್ರಕಾರ ಸೀಸದ ಪರೀಕ್ಷೆ, ಪ್ರಮಾಣಪತ್ರ ಬೇಕು. ಯುರೋಪಿನದು ಇನ್ನೊಂದು ಕಥೆ. 2024ರ ಡಿಸೆಂಬರ್ 13ರಿಂದ ಅಲ್ಲಿ ಸಾಮಾನ್ಯ ವಸ್ತುಗಳಿಗೂ ಒಕ್ಕೂಟದೊಳಗೇ ಒಬ್ಬ ಜವಾಬ್ದಾರಿ ವ್ಯಕ್ತಿಯ ಹೆಸರು, ವಿಳಾಸ ತೋರಿಸಬೇಕು. ಆಗ ಬ್ರಿಟನ್, ಅಮೆರಿಕದ ಎಷ್ಟೋ ಸಣ್ಣ ಮಾರಾಟಗಾರರು ಯುರೋಪಿಗೆ ಕಳಿಸುವುದನ್ನೇ ನಿಲ್ಲಿಸಿದರು. ಗೋದಾಮು ಪಾರ್ಸಲ್ ಹೊರುತ್ತದೆ, ನಿಜ. ವಸ್ತುವಿನ ಸುರಕ್ಷತೆಯ ಹೊಣೆಯನ್ನು ಹೊರುವುದಿಲ್ಲ.

ಕೆಲವಂತೂ ಹೊರಡುವಂತೆಯೇ ಇಲ್ಲ. ನೂರು ವರ್ಷ ದಾಟಿದ ವಿಗ್ರಹ, ಕುಸುರಿ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ಇವನ್ನು ಖಾಸಗಿಯವರು ದೇಶದಾಚೆ ಕಳಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಅಪರಾಧ. ಅಟ್ಟದ ಮೇಲಿನ ಓಲೆಗರಿಯ ಕಟ್ಟೂ ಇದರೊಳಗೆ ಬರಬಹುದು. ನವಿಲುಗರಿಯ ರಫ್ತಿಗೆ ನಿಷೇಧವಿದೆ. ಗಂಧದ ಕೊರಡಿಗೂ ಇದೆ, ಆದರೆ ಕೆತ್ತನೆ ಮುಗಿದ ಕುಸುರಿ ವಸ್ತುವಿಗೆ ಅವಕಾಶವುಂಟು.

ಗಿರಾಕಿಯ ದೇಶದ ಒಂದು ಆದೇಶ ಇಡೀ ವ್ಯಾಪಾರವನ್ನೇ ಅಲುಗಾಡಿಸಬಲ್ಲದು. 2016ರಿಂದ ಅಮೆರಿಕಕ್ಕೆ ಬರುವ 800 ಡಾಲರ್ ಒಳಗಿನ ಪಾರ್ಸಲಿಗೆ ಸುಂಕವಿರಲಿಲ್ಲ. ಜಗತ್ತಿನ ಲೆಕ್ಕವಿಲ್ಲದಷ್ಟು ಆನ್‌ಲೈನ್ ಅಂಗಡಿಗಳು ಈ ರಿಯಾಯಿತಿಯ ಮೇಲೇ ನಿಂತಿದ್ದವು. 2025ರ ಆಗಸ್ಟ್ 29ಕ್ಕೆ ಅದು ಎಲ್ಲ ದೇಶಗಳಿಗೂ ರದ್ದಾಯಿತು. ಸುಂಕವನ್ನು ಯಾರು, ಎಲ್ಲಿ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿಲ್ಲದೆ 88 ಅಂಚೆ ಸಂಸ್ಥೆಗಳು ಅಮೆರಿಕಕ್ಕೆ ಸೇವೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿದವು. ಅಲ್ಲಿಗೆ ಹೋಗುವ ಅಂಚೆ ವಾರದ ಹಿಂದಿನದಕ್ಕೆ ಹೋಲಿಸಿದರೆ ಶೇ 81ರಷ್ಟು ಕುಸಿಯಿತು ಎಂದು ವಿಶ್ವ ಅಂಚೆ ಒಕ್ಕೂಟವೇ ಹೇಳಿತು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಪಾರ್ಸಲ್ ತೆಗೆದುಕೊಳ್ಳುವುದನ್ನು ತಡೆದು, ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟಿಸಿಕೊಳ್ಳುವ ಏರ್ಪಾಡಿನೊಂದಿಗೆ ಅಕ್ಟೋಬರ್ 15ಕ್ಕೆ ಮತ್ತೆ ಆರಂಭಿಸಿತು. ಅಮೆರಿಕದಲ್ಲಿರುವ ಮಗಳಿಗೆ ಕಟ್ಟಿಟ್ಟ ಚಟ್ನಿಪುಡಿ, ಹಪ್ಪಳಗಳೂ ಆ ದಿನಗಳಲ್ಲಿ ಮನೆಯಲ್ಲೇ ಉಳಿದವು.

ಆನ್‌ಲೈನ್‌ನಲ್ಲಿ ಏನಾದರೂ ಮಾರುವವರು ನೀವಾಗಿದ್ದರೆ ಇವತ್ತೇ ಖಾತೆಯ ಸೆಟ್ಟಿಂಗ್ ತೆರೆಯಿರಿ. ‘ಗ್ಲೋಬಲ್’, ‘ಇಂಟರ್‌ನ್ಯಾಷನಲ್’, ‘ಎಕ್ಸ್‌ಪೋರ್ಟ್’ ಎಂಬ ಹೆಸರಿನ ಪಕ್ಕ ಯಾವ ಗುಂಡಿ ಚಾಲೂ ಆಗಿದೆ ನೋಡಿ. ಚಾಲೂ ಇದ್ದರೆ ಮೂರು ಮಾತು ವಿಚಾರಿಸಿಕೊಳ್ಳಿ: ಮಾಲು ಒಡೆದರೆ ಹೊಣೆ ಯಾರದು, ವಾಪಸ್ ಬಂದರೆ ಖರ್ಚು ಯಾರದು, ಯಾವ್ಯಾವ ದೇಶವನ್ನು ಪಟ್ಟಿಯಿಂದ ತೆಗೆಯಬಹುದು. ಉತ್ತರ ಒಪ್ಪಿಗೆಯಾದರೆ ಹಾಗೆಯೇ ಬಿಡಿ. ಆಗದಿದ್ದರೆ ಮೊದಲ ಆರ್ಡರ್ ಬರುವ ಮುನ್ನವೇ ಆರಿಸಿಬಿಡಿ.